ಟವೆಲ್ ಹಾಕಿದ ಸೀಟು

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತು ನೋಡಿದವರಿಗೆ ಇದು ಗೊತ್ತು. ಲಿಂಗಸುಗೂರಿನ ಬಸ್ಸು ಒಳಗೆ ಬರುತ್ತಿದ್ದಂತೆ, ಅದಿನ್ನೂ ಪೂರ್ತಿ ನಿಲ್ಲುವ ಮೊದಲೇ, ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಊಟದ ಡಬ್ಬಿ, ಒಮ್ಮೊಮ್ಮೆ ಎರಡು ವರ್ಷದ ಮಗು ಕೂಡ ಒಳಗೆ ಹೋಗುತ್ತವೆ. ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂಡುವುದಿಲ್ಲ. ಯಾವ ಸರ್ಕಾರವೂ ಮಾಡದ, ಯಾವ ಪುಸ್ತಕದಲ್ಲೂ ಇಲ್ಲದ ಕಾನೂನು ಇದು. ಆದರೂ ನಮ್ಮ ಸೀಮೆಯಲ್ಲಿ ಇದರಷ್ಟು ಚೆನ್ನಾಗಿ ಪಾಲನೆಯಾಗುವ ಕಾನೂನು ಇನ್ನೊಂದಿಲ್ಲ.

2024ರ ಜೂನ್ ತಿಂಗಳಲ್ಲಿ ಒಂದು ದಿನ ನಾವು ಆ ಬಸ್ಸಿನಲ್ಲಿದ್ದೆವು. ಬಿಳಿ ಅಂಗಿಯ ಒಬ್ಬರು ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದರು. ಆಮೇಲೆ ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಬಸ್ಸಿಗೆ ಹೋಗಿ ಅಲ್ಲಿಯೂ ಒಂದು ಕರ್ಚೀಫು ಹಾಕಿ, ಚಹಾ ಕುಡಿಯಲು ಹೋದರು. ಯಾವುದು ಮೊದಲು ಹೊರಡುತ್ತದೋ ಅದಕ್ಕೆ ಹತ್ತಿದರಾಯಿತು ಎಂಬ ಲೆಕ್ಕ. ಅವರು ಇನ್ನೊಂದರಲ್ಲಿ ಹೋದರು. ನಮ್ಮ ಬಸ್ಸು ಊರು ದಾಟಿತು. ಸೀಟಿನ ಮೇಲೆ ಟವೆಲ್ ಇತ್ತು, ಅದರ ಪಕ್ಕದಲ್ಲೇ ತಲೆಯ ಮೇಲಿನ ಗಂಟು ಇಳಿಸಿಕೊಂಡು ಒಬ್ಬ ಮುದುಕಿ ನಿಂತಿದ್ದಳು. ‘ಯಾರ್ದ್ರಿ ಈ ಟವೆಲ್?’ ಎಂದು ಕಂಡಕ್ಟರ್ ಕೇಳಿದ. ಯಾರೂ ಮಾತಾಡಲಿಲ್ಲ. ‘ಕುಂದ್ರಬೇ ಯವ್ವ’ ಎಂದ. ಮುದುಕಿ ಕೂಡಲಿಲ್ಲ. ‘ಯಾರರ ಬಂದ್ರ ಬೈತಾರಪ್ಪ’ ಅಂದಳು. ಓಡುವ ಬಸ್ಸಿಗೆ ಯಾರು ಬರಬೇಕು? ಆ ಟವೆಲ್ ಮಸ್ಕಿಯ ತನಕ ಕೂತೇ ಬಂತು.

ಆ ದಿನ ನಮ್ಮ ಕೈಚೀಲದಲ್ಲಿ ಅಣ್ಣನ ಮಗಳ ಅಂಕಪಟ್ಟಿಯ ಮೂರು ಜೊತೆ ಜೆರಾಕ್ಸ್ ಇದ್ದವು. ಪಿಯುಸಿ ವಿಜ್ಞಾನ ಮುಗಿಸಿದ್ದಳು. ಸಿಂಧನೂರಿನಲ್ಲಿ ಒಂದು ಅರ್ಜಿ, ಲಿಂಗಸುಗೂರಿನಲ್ಲಿ ಒಂದು, ರಾಯಚೂರಿನಲ್ಲಿ ಒಂದು, ಅದರ ಮೇಲೆ ಸಿಇಟಿ ಬೇರೆ. ಟವೆಲ್ಲಿನ ಮನುಷ್ಯನ ಮೇಲೆ ನಮಗೆ ಸಿಟ್ಟು ಬಂದಿತ್ತು. ಚೀಲದ ನೆನಪಾದಾಗ ಆ ಸಿಟ್ಟು ಸ್ವಲ್ಪ ತಣ್ಣಗಾಯಿತು. ನಾವು ಮಾಡುತ್ತಿರುವುದು ಬೇರೆಯೋ, ಅದೇನೋ? ಒಂದಕ್ಕಿಂತ ಹೆಚ್ಚು ಕಾಲೇಜಿಗೆ ಮೊದಲೇ ಅರ್ಜಿ ಹಾಕುವುದನ್ನು, ಸೀಟು ಹಿಡಿದಿಡುವುದನ್ನು ತಡೆಯುವ ನಿಯಮಗಳು ಈಗ ಬೇಕಾದಷ್ಟಿವೆ. ಅವನ್ನು ಬೈಯುವವರೂ ಬೇಕಾದಷ್ಟಿದ್ದಾರೆ. ಅವು ನ್ಯಾಯವೇ, ಯಾರಿಗೆ ನ್ಯಾಯ ಎಂಬುದನ್ನು ಅಂದಿನಿಂದ ಯೋಚಿಸುತ್ತಲೇ ಇದ್ದೇವೆ.

ನಾವು ಮೊದಲು ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಹಾಗಾಗಿ ಒಂದು ಪದ ಎಲ್ಲಿಂದ ಎಲ್ಲಿಗೆ ಬಂತು ಎಂದು ನೋಡುವ ಚಟ ಹತ್ತಿದೆ. ‘ಅರ್ಜಿ’ ಉರ್ದುವಿನಿಂದ ಬಂದದ್ದು. ಎದುರಿಗೆ ಇಡುವುದು, ಬಿನ್ನವಿಸಿಕೊಳ್ಳುವುದು ಎಂದು ಅದರ ಅರ್ಥ. ‘ಕರಾರು’ ಕೂಡ ಅಲ್ಲಿಂದಲೇ ಬಂತು. ಅದು ಮಾತು ನಿಲ್ಲಿಸುವುದು, ಒಪ್ಪಂದಕ್ಕೆ ಕಟ್ಟುಬೀಳುವುದು. ‘ಕಬ್ಜಾ’ ಎಂದರೇನು ಎಂದು ಹೊಲದ ವ್ಯಾಜ್ಯ ಇದ್ದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಮೂರೂ ಬೇರೆ ಬೇರೆ. ಹತ್ತು ಮನೆಯ ಬಾಗಿಲಲ್ಲಿ ಅರ್ಜಿ ಇಡಬಹುದು, ಅದರಲ್ಲಿ ಯಾರಿಗೂ ಮೋಸವಿಲ್ಲ. ಹತ್ತು ಮನೆಗೆ ಕರಾರು ಕೊಟ್ಟರೆ ಒಂಬತ್ತು ಮನೆಗೆ ಸುಳ್ಳು ಹೇಳಿದಂತಾಗುತ್ತದೆ. ಎರಡು ಜಾಗ ಕಬ್ಜಾ ಮಾಡಿಕೊಂಡು ಒಂದರಲ್ಲಿ ಮಾತ್ರ ಕೂತರೆ ಇನ್ನೊಂದು ಕಡೆ ಯಾರೋ ನಿಂತಿರುತ್ತಾರೆ. ನಮ್ಮ ಗೊಂದಲದ ಬಹುಪಾಲು ಈ ಮೂರನ್ನು ಕಲಸಿಬಿಟ್ಟದ್ದರಿಂದ ಹುಟ್ಟಿದೆ. ಕಾಲೇಜುಗಳಿಗೂ ಈ ಕಲಸಾಟ ಬೇಕು. ನಮಗೂ ಒಮ್ಮೊಮ್ಮೆ ಬೇಕು.

ನಮ್ಮ ಕಾಲದಲ್ಲಿ, ಎಂದರೆ ತೊಂಬತ್ತರ ದಶಕದ ಕೊನೆಯಲ್ಲಿ, ನಿಯಮ ಕಾಗದದಲ್ಲೇ ಇತ್ತು. ಟಿ.ಸಿ. ಒಂದೇ. ಅರ್ಜಿಗೆ ನಕಲು ಸಾಕಿತ್ತು. ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಬೆಳಗಿನಿಂದ ಕಾಯಬೇಕಿತ್ತು ಅಷ್ಟೆ. ಆದರೆ ಸೇರುವುದಕ್ಕೆ ಮೂಲ ಟಿ.ಸಿ.ಯೇ ಬೇಕು. ಅದನ್ನು ಕೊಟ್ಟ ಮೇಲೆ ಇನ್ನೊಂದು ಕಾಲೇಜಿಗೆ ಕೊಡಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಯಾರೂ ಉಪದೇಶ ಮಾಡದೆ, ಎರಡು ಕಡೆ ಕೂಡಬೇಡ ಎಂದು ಆ ಒಂದು ಹಾಳೆ ಹೇಳುತ್ತಿತ್ತು. ಒಳ್ಳೆಯ ನಿಯಮವೇ. ಆದರೆ ಅದರ ಕೀಲಿ ಯಾರ ಕೈಯಲ್ಲಿತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ನಮ್ಮ ಅಕ್ಕನ ಮಗ ಬೇರೆ ಊರಿನ ಒಂದು ಖಾಸಗಿ ಕಾಲೇಜಿಗೆ ಸೇರಿದ್ದ. ಹೆಸರು ಬೇಡ. ಸೇರಿ ಎರಡು ವಾರವಾಗುವಷ್ಟರಲ್ಲಿ ಸರ್ಕಾರಿ ಕೋಟಾದಲ್ಲಿ, ಕಡಿಮೆ ಶುಲ್ಕದಲ್ಲಿ, ಅವನಿಗೆ ಬೇಕಾದ ಕೋರ್ಸೇ ಸಿಕ್ಕಿತು. ಮೂಲ ಕಾಗದ ಕೇಳಲು ಹೋದರೆ ಆಫೀಸಿನಲ್ಲಿ ಕೂತವರು ಬೀರುವಿನ ಕಡೆ ಕೈ ತೋರಿಸಿ, ‘ಉಳಿದ ವರ್ಷಗಳ ಫೀ ಕಟ್ಟಿ ತಗೊಂಡು ಹೋಗ್ರಿ’ ಅಂದರು. ಹುಡುಗ ಓದದ ವರ್ಷಗಳ ಫೀ! ಅಕ್ಕ ಕಿವಿಯದನ್ನು ಬಿಚ್ಚಿ ಅಡವಿಟ್ಟಳು. ಅಂದು ಆ ಬೀರುವಿನ ಮುಂದೆ ನಿಂತು ನಮಗೆ ಅನಿಸಿದ್ದು, ಇಲ್ಲಿ ಸೀಟು ಹಿಡಿದವನು ಹುಡುಗನಲ್ಲ, ಹುಡುಗನನ್ನೇ ಹಿಡಿದಿಟ್ಟಿದ್ದಾರೆ ಎಂದು.

ಯುಜಿಸಿ ಇದನ್ನು 2007ರಲ್ಲೇ ಆಕ್ಷೇಪಿಸಿತ್ತು. 2018ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಮೂಲ ಪ್ರಮಾಣಪತ್ರಗಳನ್ನು ನೋಡಿ, ತಾಳೆ ಹಾಕಿ, ವಿದ್ಯಾರ್ಥಿಗೆ ಹಿಂದಿರುಗಿಸಬೇಕು, ಇಟ್ಟುಕೊಳ್ಳಕೂಡದು. ಪ್ರವೇಶದ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ವಾಪಸು. ಹದಿನೈದು ದಿನದೊಳಗೆ ಬಂದು ಬಿಟ್ಟರೆ ಶೇ. 90. ಕೊನೆಯ ದಿನಾಂಕ ಮುಗಿದ ಹದಿನೈದು ದಿನದ ಒಳಗಾದರೆ ಶೇ. 80, ಮೂವತ್ತು ದಿನದ ಒಳಗಾದರೆ ಶೇ. 50, ಆಮೇಲೆ ಏನೂ ಇಲ್ಲ. ನಮಗೆ ಈ ಪಟ್ಟಿ ಹಿಡಿಸುವುದಕ್ಕೆ ಕಾರಣ ಅದರಲ್ಲಿರುವ ದಿನಗಳ ಲೆಕ್ಕ. ಬೇಗ ಬಿಟ್ಟವನಿಂದ ಯಾರಿಗೂ ನಷ್ಟವಿಲ್ಲ, ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ತಡವಾಗಿ ಬಿಟ್ಟವನು ಒಂದು ಜಾಗವನ್ನು ಇಡೀ ವರ್ಷಕ್ಕೆ ಬಂಜರು ಮಾಡಿ ಹೋಗುತ್ತಾನೆ. ತಪ್ಪು ಇರುವುದು ಬದಲಾಯಿಸಿದ್ದರಲ್ಲಲ್ಲ, ತಡ ಮಾಡಿದ್ದರಲ್ಲಿ ಎಂದು ಆ ಪಟ್ಟಿ ಹೇಳುತ್ತದೆ.

ಆದರೆ ಈ ಅಧಿಸೂಚನೆ ಪಿಯುಸಿಗೆ ಅನ್ವಯಿಸುವುದಿಲ್ಲ. ಈಗಿನ ಓಟ ಶುರುವಾಗುವುದೇ ಅಲ್ಲಿಂದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ನಲ್ಲಿದ್ದರೆ, ನವೆಂಬರ್, ಡಿಸೆಂಬರಿಗೇ ಫೋನು ಬರುತ್ತದೆ. ಮಂಗಳೂರು, ಹುಬ್ಬಳ್ಳಿ, ಬಳ್ಳಾರಿ ಕಡೆಯಿಂದ, ಹೈದರಾಬಾದಿನಿಂದಲೂ. ನಮ್ಮ ಮಗುವಿನ ನಂಬರು ಅವರಿಗೆ ಯಾರು ಕೊಟ್ಟರೋ! ‘ಸ್ಕಾಲರ್‌ಶಿಪ್ ಟೆಸ್ಟ್’ ಎನ್ನುತ್ತಾರೆ. ಪಾಸಾಗದ ಮಕ್ಕಳನ್ನು ನಾವಿನ್ನೂ ಕಂಡಿಲ್ಲ. ಆಮೇಲೆ, ಫೀಯಲ್ಲಿ ಇಷ್ಟು ರಿಯಾಯಿತಿ, ಆದರೆ ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಬೇಕು ಎನ್ನುತ್ತಾರೆ. ತಾನು ನಿಗದಿಪಡಿಸಿದ ವೇಳಾಪಟ್ಟಿಗೆ ಮೊದಲೇ ಪ್ರವೇಶ ಮಾಡಿಕೊಳ್ಳಬಾರದು ಎಂದು ಪದವಿಪೂರ್ವ ಶಿಕ್ಷಣ ಇಲಾಖೆ ಹೇಳುತ್ತಲೇ ಬಂದಿದೆ. ಇವರು ಅದನ್ನು ಪ್ರವೇಶ ಎನ್ನುವುದೇ ಇಲ್ಲ, ಬುಕ್ಕಿಂಗ್ ಎನ್ನುತ್ತಾರೆ.

ಇಲ್ಲಿ ಕೇಳುತ್ತಿರುವುದು ಅರ್ಜಿಯನ್ನಲ್ಲ, ಕರಾರನ್ನು. ಅದೂ ಹದಿನೈದು ವರ್ಷದ ಮಗುವಿನಿಂದ, ಅದರ ಅಂಕ ಎಷ್ಟೆಂದು ಅದಕ್ಕೇ ಗೊತ್ತಿಲ್ಲದಾಗ. ಅಕ್ಕಿ ಗಿರಣಿ ಇಟ್ಟವರ ಮನೆಯಲ್ಲಿ ಮೂರು ಕಡೆ ಅಡ್ವಾನ್ಸ್ ಕಟ್ಟುತ್ತಾರೆ. ಎರಡು ಕಡೆ ಹೋದರೂ ಅದು ಒಂದು ಲೋಡು ಭತ್ತದಲ್ಲಿ ತೇವಾಂಶ ಹೋದಷ್ಟೇ ನಷ್ಟ. ಅದೇ ಗಿರಣಿಯ ಗುಮಾಸ್ತ ಒಂದು ಕಡೆ ಕಟ್ಟುತ್ತಾನೆ. ಆ ಒಂದು ಕಡೆಯೇ ಅವನ ಮಗನ ಹಣೆಬರಹ. ಏಪ್ರಿಲ್, ಮೇನಲ್ಲಿ ಅಂಕ ಚೆನ್ನಾಗಿ ಬಂದು ಇನ್ನೂ ಒಳ್ಳೆಯದು ಸಿಕ್ಕರೂ ಕಟ್ಟಿದ ದುಡ್ಡು ಅವನನ್ನು ಬಿಡುವುದಿಲ್ಲ. ಹಮಾಲರ ಮಗ ಎಲ್ಲಿಯೂ ಕಟ್ಟುವುದಿಲ್ಲ. ಫಲಿತಾಂಶ ಬಂದ ಮೇಲೆ ಹೋಗುತ್ತಾನೆ, ಆಗ ‘ಸೀಟು ತುಂಬಿವೆ’ ಎನ್ನುತ್ತಾರೆ. ಅಡ್ವಾನ್ಸ್ ವಾಪಸಿಲ್ಲ ಎಂಬ ನಿಯಮ ಮೂವರಿಗೂ ಒಂದೇ. ಒಬ್ಬನಿಗೆ ಅದು ಸಣ್ಣ ದಂಡ, ಇನ್ನೊಬ್ಬನಿಗೆ ಸರಪಳಿ, ಮೂರನೆಯವನಿಗೆ ಮುಚ್ಚಿದ ಬಾಗಿಲು.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಅಮೆರಿಕದಲ್ಲಿ ‘ಅರ್ಲಿ ಡಿಸಿಷನ್’ ಎಂಬ ಪದ್ಧತಿಯಿದೆ. ನವೆಂಬರಿನ ಹೊತ್ತಿಗೆ ಒಂದೇ ಒಂದು ಕಾಲೇಜಿಗೆ ಹೀಗೆ ಅರ್ಜಿ ಹಾಕಬೇಕು. ಅವರು ಕೊಟ್ಟರೆ ಸೇರಲೇಬೇಕು, ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳಬೇಕು. ಹೀಗೆ ಮಾತು ಕೊಟ್ಟವರನ್ನು ಆರಿಸುವ ಪ್ರಮಾಣ ಅನೇಕ ಕಾಲೇಜುಗಳಲ್ಲಿ ಹೆಚ್ಚು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ, ಒಬ್ಬನಿಗೆ ಒಂದೇ ಟವೆಲ್. ಆದರೆ ನಾಲ್ಕು ಕಾಲೇಜುಗಳು ಕೊಡುವ ಧನಸಹಾಯವನ್ನು ಹೋಲಿಸಿ ನೋಡಿಯೇ ಎಲ್ಲಿ ಓದಬೇಕೆಂದು ತೀರ್ಮಾನಿಸಬೇಕಾದ ಬಡ ಮನೆಯ ಮಗು ಖರ್ಚೆಷ್ಟೆಂದು ಪೂರ್ತಿ ತಿಳಿಯದೆ ಹೇಗೆ ಮಾತು ಕೊಟ್ಟೀತು? ಶ್ರೀಮಂತರ ಮಗು ಕಣ್ಣು ಮುಚ್ಚಿ ಕೊಡುತ್ತದೆ. ಹಾರ್ವರ್ಡ್‌ನಲ್ಲಿದ್ದ ಮುಂಚಿತ ಪ್ರವೇಶ ಸೇರಲೇಬೇಕೆಂಬ ಕಟ್ಟಿನದಲ್ಲ. ಆದರೂ ಮೊದಲೇ ಅನುಕೂಲ ಇದ್ದವರಿಗೆ ಇನ್ನಷ್ಟು ಅನುಕೂಲವಾಗುತ್ತದೆಂದು 2006ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಮುಂಚಿತ ಪ್ರವೇಶವನ್ನೇ ಕೈಬಿಡುವುದಾಗಿ ಘೋಷಿಸಿದವು. 2011ರಲ್ಲಿ ಮತ್ತೆ ತಂದವು, ಕಟ್ಟುಪಾಡಿಲ್ಲದ ರೂಪದಲ್ಲಿ. ಇಂಗ್ಲೆಂಡಿನಲ್ಲಿ ಒಂದೇ ವರ್ಷ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡಕ್ಕೂ ಸಾಮಾನ್ಯವಾಗಿ ಅರ್ಜಿ ಹಾಕುವಂತಿಲ್ಲ. ಕೇಳುವುದಕ್ಕೇ ಮಿತಿ ಹಾಕುವ ಈ ನಿಯಮ ನಮಗೆ ಸರಿ ಕಾಣುವುದಿಲ್ಲ. ಕೇಳುವವನ ದಾರಿ ಕಟ್ಟಿದರೆ ಹಗುರಾಗುವುದು ಕೊಡುವವನ ಹೊರೆಯೇ ಹೊರತು ಇನ್ನೇನಲ್ಲ.

ಹಾಗಾದರೆ ಕೇಳಲು ಬಿಟ್ಟು, ಹಿಡಿಯುವುದನ್ನು ಮಾತ್ರ ತಡೆಯಲು ಸಾಧ್ಯವೇ? ಸಾಧ್ಯವೆಂದು ಇಬ್ಬರು ಗಣಿತಜ್ಞರು 1962ರಲ್ಲೇ ತೋರಿಸಿದ್ದಾರೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ. ಅವರ ಲೇಖನದ ವಿಷಯ ಕಾಲೇಜು ಪ್ರವೇಶ ಮತ್ತು ಮದುವೆ! ಒಬ್ಬ ವಿದ್ಯಾರ್ಥಿ ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದಾನೆ ಎಂದು ಕಾಲೇಜಿಗೆ ಗೊತ್ತಿಲ್ಲ, ಕರೆದರೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಎಷ್ಟು ಜನರನ್ನು ಕರೆಯಬೇಕು? ಈ ತಲೆನೋವಿನಿಂದಲೇ ಅವರ ಲೇಖನ ಶುರುವಾಗುತ್ತದೆ. ಅವರು ಸೂಚಿಸಿದ ದಾರಿ ಹೀಗೆ. ಪ್ರತಿಯೊಬ್ಬನೂ ತನಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಂಡು ಮೊದಲನೆಯದಕ್ಕೆ ಹೋಗಲಿ. ಕಾಲೇಜು ತನ್ನಲ್ಲಿರುವ ಜಾಗದಷ್ಟು ಜನರನ್ನು ಸದ್ಯಕ್ಕೆ ಮಾತ್ರ ಇಟ್ಟುಕೊಂಡು ಉಳಿದವರನ್ನು ಕಳಿಸಲಿ. ಕಳಿಸಲ್ಪಟ್ಟವರು ತಮ್ಮ ಪಟ್ಟಿಯ ಮುಂದಿನದಕ್ಕೆ ಹೋಗಲಿ. ಎಲ್ಲರ ಓಡಾಟ ನಿಂತ ಮೇಲೆ ಮಾತ್ರ ‘ಸದ್ಯಕ್ಕೆ’ ಎಂಬುದು ‘ಖಾಯಂ’ ಆಗಲಿ. ಒಬ್ಬನ ಕೈಯಲ್ಲಿ ಯಾವ ಹೊತ್ತಿನಲ್ಲೂ ಒಂದಕ್ಕಿಂತ ಹೆಚ್ಚು ಜಾಗ ಇರುವುದಿಲ್ಲ, ಆದರೂ ಕೇಳುವ ಹಕ್ಕು ಯಾರಿಗೂ ಕಡಿಮೆಯಾಗುವುದಿಲ್ಲ. ಶಾಪ್ಲಿಯವರಿಗೆ 2012ರಲ್ಲಿ ಆಲ್ವಿನ್ ರಾತ್ ಜೊತೆಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು.

ನಮ್ಮ ಸಿಇಟಿ ಹುಟ್ಟಿದ್ದು ಗಣಿತದಿಂದಲ್ಲ, ಕ್ಯಾಪಿಟೇಷನ್ ಹಾವಳಿಯಿಂದ. 1992ರಲ್ಲಿ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು, 1994ರಿಂದ ಸಿಇಟಿ. ಆದರೆ ಅದು ಬೆಳೆದು ಬಂದ ರೀತಿ ಆ ಲೇಖನದ ಹತ್ತಿರ ಹತ್ತಿರಕ್ಕೆ ಬಂದಿದೆ. ಎಷ್ಟು ಆಯ್ಕೆಗಳನ್ನು ಬೇಕಾದರೂ ಕ್ರಮವಾಗಿ ತುಂಬಬಹುದು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿ. ಇದೇ ಸಾಕು, ಸೇರುತ್ತೇನೆ ಎಂಬುದು ಮೊದಲನೆಯದು. ಇದು ಇರಲಿ, ಮೇಲಿನದು ಸಿಕ್ಕರೆ ಇದನ್ನು ಬಿಡುತ್ತೇನೆ ಎಂಬುದು ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎಂಬುದು ಮೂರನೆಯದು. ನನಗೇನೂ ಬೇಡ, ಹೊರಟೆ ಎಂಬುದು ನಾಲ್ಕನೆಯದು. ಈ ಎರಡನೆಯ ದಾರಿಯನ್ನು ನಾವು ಬಹಳ ಮೆಚ್ಚುತ್ತೇವೆ. ಬಡವನ ಭಯ ಅದಕ್ಕೆ ಅರ್ಥವಾಗಿದೆ. ಕೈಯಲ್ಲಿರುವುದನ್ನು ಬಿಟ್ಟು ಕಾಯುವ ಧೈರ್ಯ ಅವನಿಗಿಲ್ಲ. ಅವನು ಹಿಡಿದುಕೊಂಡೇ ಕಾಯಲಿ, ಆದರೆ ಮೇಲಿನದು ಸಿಕ್ಕ ಕ್ಷಣವೇ ಕೆಳಗಿನದು ತಾನಾಗಿ ಇನ್ನೊಬ್ಬನಿಗೆ ಹೋಗಲಿ ಎಂಬ ಏರ್ಪಾಡು. ಅವನು ಮರೆತರೂ ಟವೆಲ್ ತಾನೇ ಎದ್ದು ಬರುತ್ತದೆ.

ಇದನ್ನೂ ಕೆಡಿಸಿದವರಿದ್ದಾರೆ. 2024ರ ಕೊನೆಯಲ್ಲಿ ಪರೀಕ್ಷಾ ಪ್ರಾಧಿಕಾರವೇ ಬೆಂಗಳೂರಿನಲ್ಲಿ ಪೊಲೀಸರಿಗೆ ದೂರು ಕೊಟ್ಟಿತು. ಒಳ್ಳೆಯ ರ‍್ಯಾಂಕ್ ಬಂದರೂ ಸೇರುವ ಇಚ್ಛೆಯಿಲ್ಲದ ಹುಡುಗರ ಲಾಗಿನ್ ಬಳಸಿ, ಬೇಡಿಕೆಯ ಎಂಜಿನಿಯರಿಂಗ್ ಸೀಟುಗಳನ್ನು ಕೊನೆಯ ಸುತ್ತಿನವರೆಗೆ ಹಿಡಿದಿಟ್ಟು, ಸೇರದೆ ಖಾಲಿ ಬಿಟ್ಟರೆ ಆ ಸೀಟು ಕಾಲೇಜಿನ ಆಡಳಿತ ಮಂಡಳಿಗೆ ಮಾರಾಟದ ಸರಕಾಗುತ್ತದೆ. ಡಿಸೆಂಬರಿನಲ್ಲಿ ಬಂಧನಗಳಾದವು, ಪ್ರಾಧಿಕಾರದ ಸಿಬ್ಬಂದಿಯೊಬ್ಬರೂ ಅದರಲ್ಲಿದ್ದರು. ವೈದ್ಯಕೀಯ ಸ್ನಾತಕೋತ್ತರ ಸೀಟುಗಳ ವಿಚಾರದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸೀಟು ಹಿಡಿದಿಡುವ ಈ ಚಾಳಿ ಅರ್ಹತೆಯ ಜಾಗದಲ್ಲಿ ಅದೃಷ್ಟವನ್ನು ಕೂರಿಸುತ್ತದೆ ಎಂಬರ್ಥದ ಮಾತು ಹೇಳಿ, ದೇಶಕ್ಕೆಲ್ಲ ಹೊಂದುವ ಒಂದು ವೇಳಾಪಟ್ಟಿ, ಶುಲ್ಕವನ್ನು ಮೊದಲೇ ಪ್ರಕಟಿಸುವುದು, ತಪ್ಪು ಮಾಡಿದವರಿಗೆ ಠೇವಣಿ ಮುಟ್ಟುಗೋಲು, ಮುಂದಿನ ಪರೀಕ್ಷೆಗೆ ಅನರ್ಹತೆ ಮುಂತಾದ ನಿರ್ದೇಶನಗಳನ್ನು ಕೊಟ್ಟಿತು. ಶಿಕ್ಷೆಗಿಂತ ವೇಳಾಪಟ್ಟಿಯ ಮಾತೇ ನಮಗೆ ಮುಖ್ಯವೆನಿಸಿತು. ಯಾಕೆಂದರೆ ಸಾಮಾನ್ಯ ಮನೆಯವರು ಎರಡು ಕಡೆ ಕೈ ಹಾಕುವುದು ದುರಾಸೆಯಿಂದಲ್ಲ, ಎರಡು ಬಸ್ಸು ಬೇರೆ ಬೇರೆ ಹೊತ್ತಿಗೆ ಹೊರಡುವುದರಿಂದ.

ಮದುವೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಒಂದು ಕಡೆ ಮಂಗನಿಯ ಮಾತು ನಡೆಯುತ್ತಿದ್ದರೆ, ಅದು ಮುರಿಯುವವರೆಗೆ ಇನ್ನೊಬ್ಬರು ಅಲ್ಲಿಗೆ ಪೈಗಾಮ್ ಕಳಿಸುವುದಿಲ್ಲ. ಹಿರಿಯರು ಇದನ್ನು ಬಹಳ ಬಿಗಿಯಾಗಿ ಹಿಡಿಯುತ್ತಾರೆ. ಆದರೆ ಅವರೇ ಇನ್ನೊಂದು ಮಾತನ್ನೂ ಹೇಳುತ್ತಿದ್ದರು. ಮಾತು ಮುಗಿಸದೆ ಹೆಣ್ಣಿನ ಮನೆಯವರನ್ನು ವರ್ಷಗಟ್ಟಲೆ ಕಾಯಿಸುವವನು ಮುರಿದು ಹೋದವನಿಗಿಂತ ಕೆಟ್ಟವನು. ಮುರಿದವನು ಬಾಗಿಲು ತೆರೆದಾದರೂ ಹೋಗುತ್ತಾನೆ. ನಿಷೇಧದ ಜೊತೆಗೇ ಬೇಗ ಹೇಳುವ ಕರ್ತವ್ಯವೂ ಇದೆ ಎಂಬ ಈ ವಿವೇಕ ಕಾಲೇಜುಗಳ ನಿಯಮದಲ್ಲಿ ಎಷ್ಟಿದೆ? ಬೇಗ ಮಾತು ಕೊಡು ಎಂದು ವಿದ್ಯಾರ್ಥಿಗೆ ಹೇಳುವವರು, ನಿನಗೆ ಇಲ್ಲ ಎಂದು ಬೇಗ ಹೇಳುವುದಿಲ್ಲ.

‘ಎಲ್ಲರೂ ಹೀಗೇ ಮಾಡಿದರೆ ಏನಾದೀತು?’ ಎಂದು ಕೇಳಿಕೊಂಡು ನಡೆ ಎಂಬುದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್‌ನ ವಿಚಾರದ ಸಾರ. ಒಳ್ಳೆಯ ಮಾತು. ಆದರೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಕೂತು ಇದನ್ನು ಹೇಳಿ ನೋಡಿ. ಕಡಿಮೆ ನೀರಿನ ಬೆಳೆಗೆಂದು ಗುರುತಿಸಿದ ಜಮೀನಿನಲ್ಲೂ ಭತ್ತ ಹಾಕಿ, ಮೇಲ್ಭಾಗದವರು ನೀರು ಎತ್ತಿಕೊಳ್ಳುತ್ತಾರೆ. ಮಾನ್ವಿ, ರಾಯಚೂರು ಕಡೆಯ ಕೆಳಭಾಗದವರು ಕಾಲುವೆಯ ಗೇಜು ನೋಡುತ್ತಾ ಕೂರುತ್ತಾರೆ. ಎಲ್ಲರೂ ಹೀಗೇ ಮಾಡಿದರೆ ಏನಾದೀತು ಎಂದು ಮೇಲಿನವನನ್ನು ಕೇಳಿದರೆ ಅವನು, ‘ಎಲ್ಲಾರೂ ಮಾಡಾಕತ್ಯಾರ, ನಾ ಒಬ್ಬಾವ ಬಿಟ್ರ ನನ್ನ ಹೊಲ ಒಣಗತೈತಿ, ನೀರೇನು ಕೆಳಗ ಹೋಗಲ್ಲ’ ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ, ಅದೇ ಕಷ್ಟ. ಒಬ್ಬನ ಸಜ್ಜನಿಕೆ ಕೆಳಗಿನವನನ್ನು ತಲುಪಬೇಕಾದರೆ ನಡುವೆ ಒಂದು ಏರ್ಪಾಡು ಬೇಕು. ಇಲ್ಲದಿದ್ದರೆ ಅದು ಇನ್ನೊಬ್ಬ ಮೇಲಿನವನ ಹೊಲಕ್ಕೆ ಹೋಗುತ್ತದೆ. ನಾವೂ ಇದನ್ನೇ ನಂಬಿದ್ದೆವು. ನಂಬುವುದು ಅನುಕೂಲವೂ ಆಗಿತ್ತು.

ಈಗ ಅಣ್ಣನ ಮಗಳ ವಿಷಯಕ್ಕೆ ಬರೋಣ. 2024ರಲ್ಲಿ ಸಿಇಟಿ ಫಲಿತಾಂಶ ಜೂನ್ 1ಕ್ಕೆ ಬಂತು. ಆದರೆ ನೀಟ್ ಗಲಾಟೆ ಸುಪ್ರೀಂ ಕೋರ್ಟಿನಲ್ಲಿತ್ತು, ಸೀಟು ಹಂಚಿಕೆ ಆಗಸ್ಟ್ ದಾಟುವವರೆಗೆ ಎಳೆಯಿತು. ಪದವಿ ಕಾಲೇಜುಗಳ ಪ್ರವೇಶ ಅಷ್ಟರಲ್ಲಿ ನಡೆದೇಹೋಯಿತು. ಕಾಯ್ದು ಕೂತರೆ ಎರಡೂ ಹೋಗಬಹುದೆಂದು ಲಿಂಗಸುಗೂರಿನ ಒಂದು ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿಸಿದೆವು. ಅಲ್ಲೇ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ಉಪವಿಭಾಗಾಧಿಕಾರಿ ಕಚೇರಿ ಇರುವುದೂ ಆ ಊರಿನಲ್ಲೇ. 371 ಜೆ ಪ್ರಮಾಣಪತ್ರಕ್ಕೆ ಹೇಗೂ ಓಡಾಡಬೇಕಿತ್ತು. ಈ ಭಾಗದ ಮಕ್ಕಳಿಗೆ ಇಲ್ಲಿನ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಜಾಗ ಮೀಸಲು. 98ನೇ ತಿದ್ದುಪಡಿಯ ಬಲದಿಂದ, 2013ರ ನಂತರ ಸಿಕ್ಕದ್ದು. ಅದು ಸಿಕ್ಕಲು ಈ ಭಾಗದ ಜನ ಎಷ್ಟು ವರ್ಷ ಬೀದಿಗಿಳಿದಿದ್ದರೆಂದು ನಮಗೆ ನೆನಪಿದೆ.

ಜುಲೈನಲ್ಲಿ ಮಗಳು ಮನೆಗೆ ಬಂದಾಗ, ರಾತ್ರಿ ಊಟವಾದ ಮೇಲೆ, ‘ಚಾಚಾ, ಹಾಸ್ಟೆಲ್ ಬಿಟ್ಟುಬಿಡಲಾ?’ ಎಂದಳು. ಅವಳ ತರಗತಿಯಲ್ಲಿ ಮಸ್ಕಿ ಹತ್ತಿರದ ಹಳ್ಳಿಯ ಒಂದು ಹುಡುಗಿ. ಹಾಸ್ಟೆಲ್ ನೋಟಿಸ್ ಬೋರ್ಡಿನ ಕಾಯುವ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ದುಡ್ಡಿನ ತೊಂದರೆಯಿಲ್ಲ. ಆದರೆ ಪ್ರಾಕ್ಟಿಕಲ್ ಮುಗಿದ ದಿನ ಮಸ್ಕಿಯಲ್ಲಿ ಇಳಿಯುವ ಹೊತ್ತಿಗೆ ಹಳ್ಳಿಯ ಬಸ್ಸು ಹೋಗಿರುತ್ತದೆ. ಅಪ್ಪ ಗೌಂಡಿ ಕೆಲಸ ಬಿಟ್ಟು ಬಂದು ನಿಂತಿರಬೇಕು. ‘ನಾನು ಹೇಗೂ ಸಿಇಟಿಯಲ್ಲಿ ಹೋಗುವವಳು. ಒಂದೆರಡು ತಿಂಗಳು ನಾನೇ ಓಡಾಡ್ತೀನಿ, ಅವಳು ಇರಲಿ’ ಎಂದಳು ಮಗಳು. ಅಣ್ಣ ನಮ್ಮ ಕಡೆ ನೋಡಿದ. ಮನೆಯಲ್ಲಿ ಓದು ಬರಹದ ವಿಷಯಕ್ಕೆ ನಮ್ಮದೇ ಮಾತು. ಸಿಇಟಿ ಸೀಟು ಬರದೇ ಹೋದರೆ, ವರ್ಷವೆಲ್ಲ ಓಡಾಡುವಂತಾದರೆ, ಒಮ್ಮೆ ಬಿಟ್ಟದ್ದು ಮತ್ತೆ ಸಿಗುತ್ತದೆಯೇ ಎಂದೆಲ್ಲ ಹೇಳಿದೆವು. ‘ಇರಲಿ ಬಿಡು, ಬಂದ ಮೇಲೆ ನೋಡೋಣ’ ಎಂದೆವು. ಮಾತು ಮೀರುವ ಮಗುವಲ್ಲ, ಸುಮ್ಮನಾದಳು.

ಸೀಟು ಬಂತು. ಬಿ.ಎಸ್ಸಿ. ಕೃಷಿ. ಸೆಪ್ಟೆಂಬರಿನಲ್ಲಿ ಹಾಸ್ಟೆಲ್ ಖಾಲಿ ಮಾಡಿ ಬಂದಳು. ಆ ಹುಡುಗಿ ಆಗಸ್ಟಿನಲ್ಲೇ ಕಾಲೇಜು ನಿಲ್ಲಿಸಿದ್ದಳು.

ಇದು ನಮಗೆ ಗೊತ್ತಾದದ್ದು ಮುಂದಿನ ವರ್ಷ, ಅದೇ ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ. ಪಕ್ಕದಲ್ಲಿ ಕೂತವರ ಕೈಯಲ್ಲಿ ಸಿಮೆಂಟಿನ ಬಿರುಕುಗಳಿದ್ದವು, ಕಾಲ ಕೆಳಗೆ ಕರಣಿಯಿದ್ದ ಚೀಲ. ಮಾತಿಗೆ ಮಾತು ಬಂದು, ಊರು, ಮಕ್ಕಳು, ಕಾಲೇಜು ಎಂದು ಬಂದಾಗ ಇವರೇ ಎಂದು ಗೊತ್ತಾಯಿತು. ಮಗಳು ಈಗ ಮಸ್ಕಿಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ ಅಂದರು. ನಾವು ಯಾರೆಂದು ಹೇಳದೆ ಇರಬಹುದಿತ್ತು. ಹೇಳಿದೆವು. ಜುಲೈನ ರಾತ್ರಿಯ ಮಾತನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ‘ನಿಮ್ ಹುಡುಗಿದು ತಪ್ಪೇನೈತ್ರಿ ಸಾಬ್ರ? ಆಕಿಗೆ ಬಂದಿತ್ತು, ಆಕಿ ಇದ್ಲು’ ಅಂದರು. ನಾವು ಹುಡುಗಿಯ ತಪ್ಪೆಂದು ಹೇಳಿರಲಿಲ್ಲ.

ಮಸ್ಕಿ ಬಂತು. ಅವರು ಇಳಿದರು. ಈ ಊರಿನ ಗುಡ್ಡದಲ್ಲಿ ಅಶೋಕನ ಶಾಸನವಿದೆ. ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರನಿಗೆ 1915ರಲ್ಲಿ ಕಂಡದ್ದು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಅದರಿಂದ ಎಂದು ಎಲ್ಲ ಮಕ್ಕಳೂ ಬಾಯಿಪಾಠ ಮಾಡುತ್ತಾರೆ. ಅದರ ಉಳಿದ ಭಾಗವನ್ನು ಯಾರೂ ಕೇಳುವುದಿಲ್ಲ. ಇದು ದೊಡ್ಡವರಿಗಷ್ಟೇ ದಕ್ಕುವಂಥದ್ದು ಎಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ, ಇಬ್ಬರಿಗೂ ಹೇಳಿ ಎಂಬ ಆಶಯ ಅಲ್ಲಿದೆ. ಧರ್ಮದ ವಿಷಯಕ್ಕೆ ಹೇಳಿದ್ದು, ಕಾಲೇಜಿನ ಸೀಟಿಗಲ್ಲ, ಗೊತ್ತು.

ಆ ಜಾಗ ಬಿಟ್ಟಿದ್ದರೆ ಅವಳು ಓದುತ್ತಿದ್ದಳೇ? ಬೇರೆ ಏನೋ ಅಡ್ಡ ಬಂದು ನಿಲ್ಲಿಸುತ್ತಿದ್ದರೋ ಏನೋ. ನಮ್ಮ ಮನಸ್ಸು ಈ ‘ಏನೋ’ ಎಂಬುದನ್ನು ಹಿಡಿದು ಬಹಳ ದಿನ ಜೋತಾಡಿತು. ನಿಯಮ ಮುರಿದಿರಲಿಲ್ಲ ಎಂಬುದೂ ನಿಜ. ಕಾಲುವೆಯ ರೈತನಿಗೆ ನೀರು ಕೆಳಗೆ ತಲುಪುತ್ತದೆಂಬ ಖಾತ್ರಿಯಿರಲಿಲ್ಲ. ನಮಗೆ ಇತ್ತು. ನೋಟಿಸ್ ಬೋರ್ಡಿನಲ್ಲಿ ಹೆಸರಿತ್ತು, ಮೊದಲನೆಯದು, ಒಂದೇ ಹೆಸರು. ಏರ್ಪಾಡು ಇಲ್ಲ ಎಂಬ ನೆಪವೂ ನಮಗಿರಲಿಲ್ಲ.

ಮಗಳ ತಮ್ಮ ಈಗ ಎಸ್ಸೆಸ್ಸೆಲ್ಸಿ. ಡಿಸೆಂಬರಿನಲ್ಲಿ ಫೋನು ಬಂತು, ಟೆಸ್ಟ್ ಆಯಿತು, ನಿರೀಕ್ಷಿಸಿದಂತೆ ಪಾಸಾದ. ಎರಡು ಕಾಲೇಜಿನವರು ಕರೆದರು. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದೆವು. ‘ಆಗ ಸೀಟು ಇರಲ್ಲ ಸಾರ್’ ಎಂದ ಆ ಕಡೆಯ ಹುಡುಗ. ಅವನ ಮಾತು ನಿಜವಿರಬಹುದು. ಎರಡೂ ಕಡೆ ಕಟ್ಟಿಬಿಡೋಣ ಎಂದ ಅಣ್ಣ. ರಜೆಗೆ ಬಂದಿದ್ದ ಮಗಳು ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಒಂದೇ ಕಡೆ ಕಟ್ಟಿದೆವು, ಇನ್ನೊಬ್ಬರಿಗೆ ಅದೇ ಸಂಜೆ ಬರುವುದಿಲ್ಲ ಎಂದು ಹೇಳಿದೆವು. ಕಟ್ಟಿದ ದುಡ್ಡಿಗೆ ರಸೀದಿ ಕೇಳಿದೆವು. ಕೊಟ್ಟರು. ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ ಎಂದು ಅದರ ಮೇಲೆ ಮೊದಲೇ ಅಚ್ಚಾಗಿತ್ತು.